ಫ್ಯಾಶನ್ ಬೈಯಿಂಗ್ ಓದಬೇಕೆ? ಮೊದಲು ಬಟ್ಟೆ ಅಂಗಡಿಯ ಲೆಕ್ಕ ಹಿಡಿಯಿರಿ

ಫ್ಯಾಶನ್ ಬೈಯಿಂಗ್, ಬ್ರಾಂಡ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದು ಸಲಹೆ ಕೇಳಲು ಬರುವ ಮಕ್ಕಳಲ್ಲಿ ಬಹುತೇಕರ ಕಂಕುಳಲ್ಲಿ ಡ್ರಾಯಿಂಗ್ ಶೀಟಿನ ಸುರುಳಿ ಇರುತ್ತದೆ. ಬಿಚ್ಚಿದರೆ ಉದ್ದ ಕಾಲಿನ ಹುಡುಗಿಯರು, ಹೊಳೆಯುವ ಲೆಹೆಂಗಾಗಳು. ಚಿತ್ರ ಚೆನ್ನಾಗಿಯೇ ಇರುತ್ತದೆ, ಆದರೆ ಈ ಓದು ಚಿತ್ರದ್ದಲ್ಲ. ಯಾವ ಬಟ್ಟೆ, ಯಾರಿಂದ, ಎಷ್ಟು, ಯಾವ ಭಾವಕ್ಕೆ, ಯಾವ ವಾರಕ್ಕೆ ತರಿಸಬೇಕು ಎಂದು ತೀರ್ಮಾನಿಸುವವರು ಬೈಯರ್. ಅದರ ಮೇಲಿನ ಹೆಸರಿಗೆ ಗಿರಾಕಿ ನೂರು ರೂಪಾಯಿ ಹೆಚ್ಚು ಕೊಡುವಂತೆ ಮಾಡುವವರು ಬ್ರಾಂಡ್ ಮ್ಯಾನೇಜರ್. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿನ ಅಂಗಡಿಗಳಲ್ಲಿ ಗಾದಿ ಮೇಲೆ ಕೂತವರು ಮೊದಲನೆಯ ಕೆಲಸವನ್ನು ದಿನಾ ಮಾಡುತ್ತಿದ್ದಾರೆ. ಅವರ ಮನೆಯ ಮಕ್ಕಳೇ ಕೋರ್ಸಿನ ಪ್ರವೇಶ ಸಂದರ್ಶನದಲ್ಲಿ ಅಂಗಡಿಯ ಸುದ್ದಿ ಮುಚ್ಚಿಟ್ಟು, ‘ಸಣ್ಣಂದಿನಿಂದ ಫ್ಯಾಶನ್ ಅಂದರೆ ನನಗೆ ಪ್ರಾಣ’ ಎಂದು ಹೇಳಿ ಬರುತ್ತಾರೆ.

ಹಂತ 1: ಯಾವ ಕೋರ್ಸು

ನನ್ನ ಸಲಹೆ ಒಂದೇ: ಪದವಿಯನ್ನು ಇಲ್ಲೇ ಮುಗಿಸಿ, ಬಿ.ಕಾಂ. ಆದರೆ ಇನ್ನೂ ಒಳ್ಳೆಯದು, ಆಮೇಲೆ ಸ್ನಾತಕೋತ್ತರಕ್ಕೆ ಹೋಗಿ. ಕೇಂದ್ರದ ಜವಳಿ ಸಚಿವಾಲಯದ ಅಡಿ 1986ರಲ್ಲಿ ಶುರುವಾದ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ನಲ್ಲಿ ಎರಡು ವರ್ಷದ ಮಾಸ್ಟರ್ ಆಫ್ ಫ್ಯಾಶನ್ ಮ್ಯಾನೇಜ್‌ಮೆಂಟ್ ಇದೆ. ಯಾವ ವಿಷಯದ ಪದವೀಧರರಾದರೂ ಸೇರಬಹುದು. ಬೆಂಗಳೂರು, ಹೈದರಾಬಾದ್ ಎರಡೂ ಕಡೆ ಇದೆ. ನಮಗೆ ಹೈದರಾಬಾದೇ ಹತ್ತಿರ, ಹಬ್ಬಕ್ಕೆ ಊರಿಗೆ ಬಂದು ಹೋಗಲೂ ಸಲೀಸು. ಪಿಯುಸಿ ಮುಗಿದ ಕೂಡಲೇ ‘ಫ್ಯಾಶನ್ ಬಿಬಿಎ’ ಎಂಬ ಹೆಸರು ನೋಡಿ ಹೊಲ ಅಡವಿಟ್ಟು ಫೀಸು ಕಟ್ಟಬೇಡಿ. ಪಠ್ಯಕ್ರಮ ತರಿಸಿ ನೋಡಿ. ರಿಟೇಲ್ ಗಣಿತ, ಸ್ಟಾಕ್ ಯೋಜನೆ, ಬಟ್ಟೆಯ ನೂಲು–ನೇಯ್ಗೆಯ ಪಾಠ ಇಲ್ಲದಿದ್ದರೆ ಅದು ಹೆಸರಿಗಷ್ಟೇ ಫ್ಯಾಶನ್. 999 ರೂಪಾಯಿಗೆ ವಾರದಲ್ಲಿ ಸಿಗುವ ಆನ್‌ಲೈನ್ ಸರ್ಟಿಫಿಕೇಟನ್ನು ಯಾರೂ ತೆರೆದೂ ನೋಡುವುದಿಲ್ಲ.

ಹಂತ 2: ಅರ್ಜಿ ಮತ್ತು ಪರೀಕ್ಷೆ

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಎಡವುವುದು ಕಾಗದಪತ್ರದಲ್ಲಿ. ನಿಫ್ಟ್ ಕೇಂದ್ರದ ಸಂಸ್ಥೆ, ಅಲ್ಲಿ ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ನಡೆಯುವುದಿಲ್ಲ. ರಾಜ್ಯದ 2ಎ, 3ಬಿ ಪ್ರಮಾಣಪತ್ರವೂ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರದ ಪ್ರಮಾಣಪತ್ರ ಮಾಡಿಸಿ. ಫ್ಯಾಶನ್ ಮ್ಯಾನೇಜ್‌ಮೆಂಟಿಗೆ ಚಿತ್ರಕಲೆಯ ಪರೀಕ್ಷೆ ಇಲ್ಲ. ಸಾಮಾನ್ಯ ಸಾಮರ್ಥ್ಯ ಪರೀಕ್ಷೆ ಅಷ್ಟೇ: ಲೆಕ್ಕ, ತರ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ. ಹಳೆಯ ಗೈಡಿಗೆ ಹೊಸ ರಟ್ಟು ಹಾಕಿ ಮಾರುತ್ತಾರೆ, ಕೊಳ್ಳಬೇಡಿ. ದಿನಾ ಒಂದು ಇಂಗ್ಲಿಷ್ ವಾಣಿಜ್ಯ ಪತ್ರಿಕೆ ಓದಿದರೆ ಎರಡು ಭಾಗಕ್ಕೆ ತಯಾರಿ ಆದಂತೆಯೇ.

ಹಂತ 3: ಅಂಗಡಿಯ ವಹಿ

ಕೆಡುವುದು ಇಲ್ಲೇ, ಗೆಲ್ಲುವುದೂ ಇಲ್ಲೇ. ಸಂದರ್ಶನಕ್ಕೆ ಮೊದಲು ಒಂದು ಬಟ್ಟೆ ಅಂಗಡಿಯಲ್ಲಿ ಕೂತು ಒಂದೇ ಒಂದು ಐಟಮ್‌ನ ಲೆಕ್ಕ ಬರೆಯಬೇಕು. ಕಾಕಾ, ಮಾಮಾ, ಓಣಿಯವರು ಅಂತ ಬಟ್ಟೆ ವ್ಯಾಪಾರದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಇಡೀ ಅಂಗಡಿಯ ಲೆಕ್ಕ ಕೇಳಿದರೆ ಇನ್‌ಕಮ್ ಟ್ಯಾಕ್ಸ್‌ನವರ ಕಡೆಯವನೇನೋ ಎಂಬಂತೆ ನೋಡುತ್ತಾರೆ. ‘ಕಾಕಾ, ಲೇಡೀಸ್ ಕುರ್ತಾದ್ದು ಅಷ್ಟೇ ಬರಕೋತೀನ್ರಿ, ನಾಲ್ಕು ವಾರ’ ಅಂದರೆ ‘ಬರಕೋ ತಮ್ಮಾ, ಗಿರಾಕಿ ಬಂದಾಗ ಅಡ್ಡ ಬರಬ್ಯಾಡ’ ಅನ್ನುತ್ತಾರೆ.

ಕೈಬರಹದ ವಹಿಯೇ ಇರಲಿ. ರೆಡಿಮೇಡ್ ಎಕ್ಸೆಲ್ ಹಾಳೆ ಇಳಿಸಿಕೊಂಡವರಿಗೆ ಉತ್ತರ ಬರುತ್ತದೆ, ಅದು ಹೇಗೆ ಬಂತು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಮಾಲು ಬಂದ ತಾರೀಖು, ಸೈಜು, ಖರೀದಿ ಭಾವ, ಮಾರಿದ ಭಾವ, ವಾಪಸ್ ಬಂದದ್ದು, ಇಷ್ಟಕ್ಕೆ ಗೆರೆ ಹಾಕಿ. ಕೊನೆಗೆ ಅಗಲವಾದ ಇನ್ನೊಂದು ಕಾಲಂ: ಗಿರಾಕಿ ಕೇಳಿದ್ದು, ಅಂಗಡಿಯಲ್ಲಿ ಇಲ್ಲದ್ದು. ಬಿಲ್ಲಿನಲ್ಲಿ ಇದು ಎಲ್ಲೂ ದಾಖಲಾಗುವುದಿಲ್ಲ, ಆದ್ದರಿಂದ ಇದರ ಬೆಲೆ ಜಾಸ್ತಿ.

ಯಾಕೆ ಅಂತೀರಾ? ಎಸ್, ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ತಲಾ 12ರಂತೆ 60 ಕುರ್ತಾ ಬಂದವು ಎನ್ನಿ. ನಾಲ್ಕು ವಾರದಲ್ಲಿ ಎಸ್ 3, ಎಂ 9, ಎಲ್ 12, ಎಕ್ಸ್‌ಎಲ್ 10, ಡಬಲ್ ಎಕ್ಸ್‌ಎಲ್ 2 ಹೋದವು. ಒಟ್ಟು 36, ಅಂದರೆ ಬಂದ ಮಾಲಿನ ಶೇ 60 ಮಾರಾಟ. ಇದಕ್ಕೆ ಸೆಲ್ ಥ್ರೂ ಅನ್ನುತ್ತಾರೆ. ಶೇ 60 ಕೇಳಲು ಚೆನ್ನಾಗಿದೆ. ಈಗ ಉಳಿದ 24 ತುಂಡು ನೋಡಿ: ಅದರಲ್ಲಿ 19 ಎಸ್ ಮತ್ತು ಡಬಲ್ ಎಕ್ಸ್‌ಎಲ್. ಇನ್ನೊಂದು ಸೂಕ್ಷ್ಮ ಇದೆ. ಎಲ್ ಎರಡನೇ ವಾರವೇ ಖಾಲಿಯಾಗಿತ್ತು ಎಂದುಕೊಳ್ಳಿ. ಹಾಗಿದ್ದರೆ ಎಲ್‌ಗೆ ಇದ್ದ ಬೇಡಿಕೆ 12 ಅಲ್ಲ. 12ಕ್ಕೆ ಮಾಲು ಮುಗಿಯಿತು ಅಷ್ಟೇ. ಮುಂದಿನ ಆರ್ಡರ್‌ನಲ್ಲಿ ಮತ್ತೆ ಎಲ್ 12 ಎಂದು ಬರೆದರೆ ಅದೇ ತಪ್ಪು. ಇನ್ನೆಷ್ಟು ಬೇಕಿತ್ತು ಎಂಬುದನ್ನು ಆ ಕೊನೆಯ ಕಾಲಂ ಹೇಳುತ್ತದೆ.

ಲಾಭದ ಲೆಕ್ಕದಲ್ಲಿ ನಮ್ಮವರು ಒಂದು ಕಡೆ ಖಾತ್ರಿಯಾಗಿ ಜಾರುತ್ತಾರೆ. ಅಂಗಡಿಯಲ್ಲಿ ‘40 ಪರ್ಸೆಂಟ್ ಇಟ್ಟೀನಿ’ ಅಂದರೆ ಖರೀದಿಯ ಮೇಲೆ: 600ರ ಮಾಲು 840ಕ್ಕೆ. ಕಂಪನಿಗಳಲ್ಲಿ, ಕ್ಲಾಸಿನಲ್ಲಿ ಶೇ 40 ಮಾರ್ಜಿನ್ ಅಂದರೆ ಮಾರುವ ಭಾವದ ಮೇಲೆ: 600ರ ಮಾಲು 1000ಕ್ಕೆ. 840ಕ್ಕೆ ಮಾರಿದರೆ ಮಾರ್ಜಿನ್ ಶೇ 28.6 ಮಾತ್ರ. ಈ ಲೆಕ್ಕಕ್ಕೆ ಜಿಎಸ್‌ಟಿ ಕಳೆದ ಭಾವವನ್ನೇ ಹಿಡಿಯಿರಿ. 2025ರ ಸೆಪ್ಟೆಂಬರ್ 22ರಿಂದ ತುಂಡಿಗೆ 2500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೂ ಮೇಲಾದರೆ ಶೇ 18. 2500ರ ಕುರ್ತಾ ಸೆಟ್ಟಿಗೆ ಗಿರಾಕಿ ಕೊಡುವುದು 2625. ನೀವು ಭಾವವನ್ನು 2600 ಮಾಡಿದರೆ ಅವರು ಕೊಡಬೇಕಾದ್ದು 3068. ನೂರು ಏರಿಸಿದ್ದಕ್ಕೆ 443 ಏರಿತು. ಬೈಯರ್ ಆದವರು 2600ರಲ್ಲಿ ಮಾಲು ಇಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಆಮೇಲೆ ಪಂಚಾಂಗ. ನಗಬೇಡಿ, ನಮ್ಮ ಭಾಗದಲ್ಲಿ ಪಂಚಾಂಗ ಇಲ್ಲದೆ ಖರೀದಿ ಯೋಜನೆಯೇ ಇಲ್ಲ. 2025ರಲ್ಲಿ ದೀಪಾವಳಿ ಅಕ್ಟೋಬರ್ 20ರ ಸುಮಾರಿಗೆ ಬಂತು, 2026ರಲ್ಲಿ ನವೆಂಬರ್ 8ಕ್ಕೆ. ಈ ಎರಡು ವರ್ಷದ ಅಕ್ಟೋಬರ್‌ಗಳನ್ನು ಹೋಲಿಸಿ ‘ವ್ಯಾಪಾರ ಬಿದ್ದಿದೆ’ ಎಂದು ಬರೆದರೆ ಆ ವರದಿ ಓದುವವರಿಗೆ ನಗು ಬರುತ್ತದೆ. ರಂಜಾನ್ ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಲಗ್ನವಿಲ್ಲ. ಲಗ್ನವಿಲ್ಲದಿದ್ದರೆ ಮದುವೆ ಜವಳಿಯೂ ಇಲ್ಲ. ಇವುಗಳ ಜತೆಗೆ ತೊಗರಿ. ರಾಶಿಯಾಗಿ ರೊಕ್ಕ ಕೈಗೆ ಬರುವುದು ಜನವರಿ ಹೊತ್ತಿಗೆ, ಹಳ್ಳಿಯ ಗಿರಾಕಿ ಗಂಟು ಬಿಚ್ಚುವುದೂ ಆಗಲೇ. ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರಿಗೆ ಇದು ಹೊಳೆಯುವುದಿಲ್ಲ. ನಿಮ್ಮ ವಹಿಯಲ್ಲಿ ಇದ್ದರೆ ಸಂದರ್ಶಕರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಕೊನೆಯ ಲೆಕ್ಕ, ಓಪನ್ ಟು ಬೈ: ಈ ತಿಂಗಳು ಇನ್ನೆಷ್ಟು ರೂಪಾಯಿಯ ಮಾಲು ತರಿಸಬಹುದು? ಮಾರಾಟದ ಅಂದಾಜು 4 ಲಕ್ಷ, ರಿಯಾಯಿತಿ ಕೊಟ್ಟು ಇಳಿಸುವ ಮೊತ್ತ 20 ಸಾವಿರ, ತಿಂಗಳ ಕೊನೆಗೆ ಅಂಗಡಿಯಲ್ಲಿ ಇರಬೇಕಾದ ಮಾಲು 6 ಲಕ್ಷ, ಒಟ್ಟು 10 ಲಕ್ಷ 20 ಸಾವಿರ. ಇದರಲ್ಲಿ ತಿಂಗಳ ಶುರುವಿನಲ್ಲೇ ಇದ್ದ 5 ಲಕ್ಷ 50 ಸಾವಿರ ಕಳೆಯಿರಿ. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಆಗಲೇ ಆರ್ಡರ್ ಕೊಟ್ಟು ಲಾರಿಯಲ್ಲಿ ಬರುತ್ತಿರುವ 2 ಲಕ್ಷದ ಮಾಲನ್ನೂ ಕಳೆಯಬೇಕು. ಉಳಿದದ್ದು 2 ಲಕ್ಷ 70 ಸಾವಿರ. ಎಲ್ಲವನ್ನೂ ಮಾರುವ ಭಾವದಲ್ಲೇ ಹಿಡಿಯಿರಿ. ಅರ್ಧ ಖರೀದಿ ಭಾವ, ಅರ್ಧ ಮಾರುವ ಭಾವ ಬೆರೆಸಿದರೆ ಲೆಕ್ಕ ಮಣ್ಣುಪಾಲು.

ಹಂತ 4: ಬ್ರಾಂಡ್

ಲೋಗೋ, ಬಣ್ಣದ ಬಗ್ಗೆ ಪುಟಗಟ್ಟಲೆ ಬರೆಯುವುದು ಬೇಡ. ಅದೇ ಅಂಗಡಿಯಲ್ಲಿ ಕೈಮಗ್ಗದ ಇಳಕಲ್ ಸೀರೆ ಒಂದು, ಪವರ್‌ಲೂಮಿನದು ಒಂದು ಪಕ್ಕಪಕ್ಕ ಹಾಸಿಸಿ. ಕೈಮಗ್ಗದ್ದನ್ನು ತಿರುವಿ ಸೆರಗು ಒಡಲಿಗೆ ಸೇರುವ ಕಡೆ ಬೆರಳಾಡಿಸಿ. ಒಡಲಿನ ಹಾಸು ಎಳೆಗಳನ್ನೂ ಟೋಪ್ ತೆನಿ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿದ ಜಾಗ ಅದು. ಎರಡರ ಭಾವಕ್ಕೂ ಇಷ್ಟು ಅಂತರ ಯಾಕೆ ಎಂದು ಗಿರಾಕಿಗೆ ಒಂದೇ ಸಾಲಿನಲ್ಲಿ ತಿಳಿಸುವ ಚೀಟಿ ಬರೆಯಿರಿ. ‘ಪರಂಪರೆಯ ಸೊಬಗು’ ಎಂದು ಬರೆದವರು ಮತ್ತೆ ಬರೆಯಬೇಕು. ಆ ಮಾತು ಎಲ್ಲ ಸೀರೆಗೂ ಅಂಟುತ್ತದೆ. ಇದಾದ ಮೇಲೆ ಟ್ರೆಂಟ್ ಕಂಪನಿಯ ಜುಡಿಯೊ ನೋಡಿ: ಸ್ವಂತ ಲೇಬಲ್ಲಿನ ಬಟ್ಟೆ, ಕಡಿಮೆ ಭಾವ, ಆನ್‌ಲೈನ್ ಮಾರಾಟವೇ ಇಲ್ಲ. ಇಳಕಲ್ ಚೀಟಿಯ ಪಕ್ಕದಲ್ಲಿ ಅದಕ್ಕೂ ಒಂದು ಸಾಲು ಬರೆಯಿರಿ.

ಹಂತ 5: ಸಂದರ್ಶನ, ಸ್ಟೇಟ್‌ಮೆಂಟ್

ವಹಿಯ ಮೂಲವನ್ನೇ ಒಯ್ಯಿರಿ, ಚಹಾ ಕಲೆ ಇದ್ದರೂ ಇರಲಿ. ದುಡ್ಡು ತೆಗೆದುಕೊಂಡು ಪೋರ್ಟ್‌ಫೋಲಿಯೊ ಮಾಡಿಕೊಡುವವರ ಹತ್ತಿರ ಹೋಗಬೇಡಿ, ಎಲ್ಲರಿಗೂ ಅದೇ ಚಿತ್ರ ಅಂಟಿಸಿ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಲೆಸ್ಟರ್‌ನ ಡಿ ಮಾಂಟ್‌ಫರ್ಟ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಫ್ಯಾಶನ್ ಬೈಯಿಂಗ್ ಎಂದೇ ಪದವಿ ಇದೆ. ಅಲ್ಲಿನ ಪದವಿಗೆ ಯುಕ್ಯಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ ಐದು ಆಯ್ಕೆಗಳವರೆಗೆ ಅರ್ಜಿ. 2026ರ ಪ್ರವೇಶದಿಂದ, ನಿಮ್ಮ ಬಗ್ಗೆ ನೀವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಮೂರು ಪ್ರಶ್ನೆಗಳಾಗಿದೆ: ಯಾಕೆ ಓದಬೇಕು, ಓದು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು 4000 ಅಕ್ಷರ, ಒಂದೊಂದಕ್ಕೂ ಕನಿಷ್ಠ 350. ಮೂರನೆಯ ಪ್ರಶ್ನೆಗೆ ಎಲ್ ಸೈಜಿನ ಕಥೆಯನ್ನೇ ಬರೆಯಿರಿ. ಎಐ ಬರೆದುಕೊಟ್ಟದ್ದರಲ್ಲಿ ಸೂಪರ್ ಮಾರ್ಕೆಟ್ಟಿನ ಕಾಕಾ ಇರುವುದಿಲ್ಲ.

ಓದು ಮುಗಿದ ಮೇಲೆ ಒಂದು ಎಚ್ಚರ. ಬೆಂಗಳೂರಿನ ಎಕ್ಸ್‌ಪೋರ್ಟ್ ಹೌಸ್‌ನಲ್ಲಿ ಮರ್ಚಂಡೈಸರ್ ಅಂದರೆ ವಿದೇಶಿ ಬೈಯರ್‌ಗೂ ಕಾರ್ಖಾನೆಗೂ ನಡುವೆ ನಿಂತು ಆರ್ಡರ್ ಬೆನ್ನು ಹತ್ತುವವರು: ಸ್ಯಾಂಪಲ್, ಬಟನ್ನು, ಹಡಗಿನ ತಾರೀಖು. ಮಿಂತ್ರಾ, ಮ್ಯಾಕ್ಸ್‌ನಂಥ ರಿಟೇಲ್ ಕಡೆ ಅದೇ ಹೆಸರಿನವರು ಸ್ಟಾಕು, ಭಾವ, ಹಂಚಿಕೆ ನೋಡುವವರು. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಗೇ ಸಿಕ್ಕಿದೆ. ಅಲ್ಲಿ ಬೇಕಾಗುವವರು ಮೊದಲನೆಯ ಬಗೆಯವರು. ಅರ್ಜಿ ಹಾಕುವ ಮೊದಲು ಫೋನ್ ಮಾಡಿ ಯಾವ ಬಗೆಯ ಕೆಲಸ ಎಂದು ಕೇಳಿ.