ಅಪ್ಪನ ಕ್ಯಾಸೆಟ್‌ಗಳನ್ನು ನಾನೇ ಕಂಪ್ಯೂಟರ್‌ಗೆ ಇಳಿಸಿದೆ

ಕಳೆದ ಮಳೆಗಾಲದಲ್ಲಿ ಅಟ್ಟದಿಂದ ಅಪ್ಪನ ಕ್ಯಾಸೆಟ್ ಡಬ್ಬ ಇಳಿಸಿದೆ. ಒಳಗೆ ಇಪ್ಪತ್ತಮೂರು ಕ್ಯಾಸೆಟ್. ಜಾಸ್ತಿ ಭಾವಗೀತೆಗಳೇ. ಸಿ. ಅಶ್ವತ್ಥ್ ಅವರ ‘ಮೈಸೂರು ಮಲ್ಲಿಗೆ’, ಶರೀಫಜ್ಜನ ಪದಗಳು, ಎಲ್ಲಕ್ಕಿಂತ ಮೇಲೆ ‘ನಿತ್ಯೋತ್ಸವ’. 1978ರಲ್ಲಿ ಬಂದ ಕ್ಯಾಸೆಟ್ ಅದು. ಕೆ.ಎಸ್. ನಿಸಾರ್ ಅಹಮದ್ ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು. ಅಪ್ಪ ಓದಿದ್ದು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ. ನಿಸಾರ್ ಅಹಮದ್ ಅಲ್ಲಿ ಭೂವಿಜ್ಞಾನ ಪಾಠ ಮಾಡಿದವರು. ಅದಕ್ಕೇ ಆ ಕ್ಯಾಸೆಟ್ ನಮ್ಮನೆಯಲ್ಲಿ ದೇವರ ಪಟದ ಪಕ್ಕದ ಗೂಡಿನಲ್ಲಿ ಇರುತ್ತಿತ್ತು.

ಮಲೆನಾಡಿನ ಥಂಡಿಗೆ ರೀಲಿನ ಅಂಚಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಕ್ಯಾಸೆಟ್ ಅನ್ನು ಹಾಗೇ ಹಾಕಬೇಡಿ. ಅದು ಟೇಪ್ ರೆಕಾರ್ಡರಿನಲ್ಲಿ ರೀಲಿನ ಧ್ವನಿ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತೆ. ಪೆನ್ಸಿಲ್‌ನಿಂದ ರೀಲನ್ನು ನಿಧಾನ ಸುತ್ತುತ್ತಾ, ನೂಲು ಬಿಡದ ಒಣ ಬಟ್ಟೆಯಲ್ಲಿ ಹಗುರವಾಗಿ ಒರೆಸಿದೆ. ಒಂದೊಂದಕ್ಕೆ ಒಂದು ಗಂಟೆಯ ಮೇಲೇ ಹಿಡಿಯಿತು. ಎರಡು ಕ್ಯಾಸೆಟ್‌ನಲ್ಲಿ ರೀಲನ್ನು ಹೆಡ್‌ಗೆ ಒತ್ತಿ ಹಿಡಿಯುವ ಸಣ್ಣ ಮೆತ್ತೆ ಉದುರಿ ಹೋಗಿತ್ತು. ಸ್ಕ್ರೂ ಬಿಚ್ಚಿ, ಅವುಗಳ ರೀಲನ್ನು ಬೇರೆ ಕ್ಯಾಸೆಟ್‌ನ ಚಿಪ್ಪಿಗೆ ಹಾಕಿದೆ.

ಹೆಡ್ ಒರೆಸಲು ಹತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್. ಇಷ್ಟಾದರೂ ಧ್ವನಿ ಕಂಬಳಿ ಹೊದ್ದ ಹಾಗಿತ್ತು. ಹೆಡ್ ಪಕ್ಕದಲ್ಲಿ ಅದರ ಓರೆ ಸರಿಮಾಡುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹಾಡು ಕೇಳುತ್ತಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿದೆ. ತಬಲಾದ ಚಾಟಿ ಪೆಟ್ಟು ಥಟ್ಟನೆ ಬಿಡಿಸಿಟ್ಟ ಹಾಗೆ ಕೇಳಿಸಿತು. ಆ ಕ್ಷಣದ ಖುಷಿ ಹೇಳಲಿಕ್ಕಾಗದು. ಆಮೇಲೆ ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ವೈರು, ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗ್. ವೇವ್ ಫೈಲಿನಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು.

ಹಾಡುಗಳನ್ನು ಬೇರೆ ಬೇರೆ ಫೈಲು ಮಾಡು ಎಂದು ತಮ್ಮ ಹೇಳಿದ. ನಾನು ಮಾಡಲಿಲ್ಲ. ಒಂದು ಸೈಡ್‌ಗೆ ಒಂದೇ ಫೈಲು. ಒಂದು ಹಾಡು ಮುಗಿಯುತ್ತಿದ್ದ ಹಾಗೆ ಮುಂದಿನ ಹಾಡಿನ ಶ್ರುತಿ ನಮ್ಮ ತಲೆಯೊಳಗೆ ಬಂದು ನಿಂತಿರುತ್ತದೆ, ಅಲ್ವಾ? ಕ್ಯಾಸೆಟ್ ಕೇಳಿ ಬೆಳೆದವರಿಗೆ ಅದು ಗೊತ್ತು. ರೀಲಿನಲ್ಲೂ ಅಂಥದ್ದೊಂದು ಇದೆ. ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಸಣ್ಣದಾಗಿ ಅಂಟಿಕೊಳ್ಳುತ್ತದೆ. ಹಾಡು ಶುರುವಾಗುವ ಮೊದಲು ಅದೇ ಹಾಡು ತೀರಾ ದೂರದಿಂದ ಕೇಳಿಸುತ್ತದೆ. ಹಾಡುಗಳ ನಡುವಿನ ಮೌನ ಕತ್ತರಿಸಿದ್ದರೆ ಅದೂ ಹೋಗುತ್ತಿತ್ತು.

‘ನಿತ್ಯೋತ್ಸವ’ದ ಒಂದು ಕಡೆ ರೀಲು ತುಂಡಾಗಿತ್ತು. ಅಪ್ಪ ಯಾವಾಗಲೋ ಸೆಲೋಟೇಪ್ ಹಚ್ಚಿ ಕೂಡಿಸಿದ್ದರು. ಅದರ ಅಂಟು ಕರಗಿ ಹರಡಿತ್ತು. ಅದನ್ನು ಬಿಡಿಸಿ, ರೀಲು ಜೋಡಿಸುವುದಕ್ಕೆಂದೇ ಸಿಗುವ ಟೇಪಿನಲ್ಲಿ ಮತ್ತೆ ಕೂಡಿಸಿದೆ. ಕ್ಯಾಸೆಟ್ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ತುಂಡಾದ ಕಡೆ ಎರಡೂವರೆ ಸೆಂಟಿಮೀಟರ್ ಹೋಗಿತ್ತು. ಸುಮಾರು ಅರ್ಧ ಸೆಕೆಂಡು, ಅಂದರೆ ಒಂದು ಪದ. ಆ ಪದವನ್ನು ಇನ್ನೊಂದು ಪ್ರತಿಯಿಂದ ತಂದು ಸೇರಿಸಬಹುದಿತ್ತು. ಸೇರಿಸಲಿಲ್ಲ.

ದೀಪಾವಳಿಗೆ ಎಲ್ಲರೂ ಊರಿಗೆ ಬಂದಿದ್ದರು. ರಾತ್ರಿ ಊಟವಾದ ಮೇಲೆ ಸ್ಪೀಕರ್ ಹಚ್ಚಿದೆ. ‘ಮೈಸೂರು ಮಲ್ಲಿಗೆ’ಗೆ ಅಮ್ಮ ತನ್ನ ಮದುವೆಯ ಹೊಸತರ ದಿನಗಳನ್ನು ಹೇಳಿದಳು. ಚಿಕ್ಕಪ್ಪನಿಗೆ ಶರೀಫರ ಪದಗಳ ಮುಂದೆ ಯಾವುದೂ ಇಲ್ಲ. ಅಶ್ವತ್ಥ್ ಗಂಟಲು ಎತ್ತಿದರೆ ಮೈ ಜುಂ ಅನ್ನುತ್ತದೆ ಎಂದರು. ನನ್ನ ಮತ ಮಾತ್ರ ಅನಂತಸ್ವಾಮಿಯವರಿಗೇ. ಪದ್ಯದ ಮಾತು ಮೊದಲು, ರಾಗ ಅದರ ಹಿಂದೆ ನಡೆಯುತ್ತದೆ ಅವರಲ್ಲಿ.

ಕೊನೆಗೆ ‘ನಿತ್ಯೋತ್ಸವ’ ಹಾಕಿದೆ. ಅತ್ತೆ ಕಣ್ಣು ಮುಚ್ಚಿ ಜೊತೆಗೆ ಹಾಡುತ್ತಿದ್ದರು. ಆ ಸಾಲು ಬಂತು. ಪದ ಇಲ್ಲದ ಜಾಗದಲ್ಲಿ ಅತ್ತೆ ನಿಂತರು, ಅಮ್ಮನೂ ನಿಂತಳು, ಚಿಕ್ಕಪ್ಪನೂ. ಮತ್ತೆ ಒಟ್ಟಿಗೇ ಎತ್ತಿಕೊಂಡರು.

“ನಿಮ್ಮಪ್ಪ ಕೂಡಿಸಿದ್ದಲ್ವೇನೋ ಅದು, ಹಾಗೇ ಇಟ್ಟಿದ್ದೀಯ” ಎಂದರು ಅತ್ತೆ.