ಸಣ್ಣ ಕರುಳಿನ ಸ್ಕ್ಯಾನ್: ಕುಡಿಯುವ ಆ ಒಂದು ಗಂಟೆ

ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸುವ ಗ್ಯಾಸ್ಟ್ರೋಸ್ಕೋಪಿ ಸಣ್ಣ ಕರುಳಿನ ಆರಂಭದಲ್ಲೇ ನಿಲ್ಲುತ್ತದೆ. ಗುದದ್ವಾರದಿಂದ ಅಂಥದ್ದೇ ನಳಿಕೆ ಏರಿಸುವ ಕೊಲೊನೊಸ್ಕೋಪಿ ಅದರ ಕೊನೆಯನ್ನಷ್ಟೇ ಮುಟ್ಟುತ್ತದೆ. ನಡುವಿನ ಹಲವು ಮೀಟರ್ ಕರುಳನ್ನು ನೋಡಲು ಮೊದಲೆಲ್ಲ ಮೂಗಿನಿಂದ ನಳಿಕೆ ಇಳಿಸಿ ದ್ರವ ತುಂಬುತ್ತಿದ್ದರು. ಈಗ ಕರುಳಿನಲ್ಲಿ ದೀರ್ಘಕಾಲದ ಉರಿಯೂತ ತರುವ ಕ್ರೋನ್ಸ್ ಕಾಯಿಲೆ, ಕರುಳಿನ ಕ್ಷಯ ಮುಂತಾದ ಅನುಮಾನಗಳಿಗೆ ಹೆಚ್ಚಾಗಿ ಎಂಟರೋಗ್ರಫಿಯನ್ನೇ, ಅಂದರೆ ದ್ರವ ಕುಡಿಸಿ ಸಣ್ಣ ಕರುಳನ್ನು ತುಂಬಿಸಿ ತೆಗೆಯುವ ಸಿ.ಟಿ. ಇಲ್ಲವೇ ಎಂ.ಆರ್.ಐ. ಸ್ಕ್ಯಾನ್ ಅನ್ನೇ, ಮಾಡುತ್ತಾರೆ. ಇದರಲ್ಲಿ ನಳಿಕೆಯಿಲ್ಲ, ಆದರೆ ನಳಿಕೆ ಮಾಡುತ್ತಿದ್ದ ಕೆಲಸವನ್ನು ರೋಗಿಯೇ ಕುಡಿದು ಮಾಡಬೇಕು. ಸ್ಕ್ಯಾನ್ ಕೆಡುವುದೂ ಅಲ್ಲಿಯೇ.

ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಕೈಯಲ್ಲಿರಲಿ. ಅಲರ್ಜಿ, ಗರ್ಭ, ಮಧುಮೇಹದ ಮಾತ್ರೆಗಳ ವಿಷಯವನ್ನು ಮುಂಚಿತವಾಗಿ ತಿಳಿಸಿ. ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ ಕುಡಿಯುವ ಮೊದಲೇ ವೈದ್ಯರಿಗೆ ಹೇಳಲೇಬೇಕು. ಸ್ಕ್ಯಾನ್‌ಗೆ ಮುಂಚಿನ ನಾಲ್ಕರಿಂದ ಆರು ಗಂಟೆ ಕಾಲ ಏನನ್ನೂ ತಿನ್ನಬೇಡಿ.

ಇನ್ನು ಕುಡಿಯುವ ಹಂತ. ಬರೀ ನೀರು ಕರುಳಿನಲ್ಲಿ ಬೇಗ ಹೀರಿಹೋಗುವುದರಿಂದ ಅದಕ್ಕೆ ಕರುಳು ಸುಲಭವಾಗಿ ಹೀರಿಕೊಳ್ಳದ ಮ್ಯಾನಿಟಾಲ್ ಎಂಬ ಸಿಹಿ ಪದಾರ್ಥವನ್ನು ಬೆರೆಸುತ್ತಾರೆ. ಶೇ 20ರ ಮ್ಯಾನಿಟಾಲ್ 225 ಮಿ.ಲೀ.ಗೆ 1,275 ಮಿ.ಲೀ. ನೀರು ಸೇರಿಸಿದರೆ ಶೇ 3ರ ಒಂದೂವರೆ ಲೀಟರ್ ದ್ರಾವಣ ಸಿಗುತ್ತದೆ. ಇದನ್ನು ಸ್ಕ್ಯಾನ್ ಕೇಂದ್ರದವರೇ ಬೆರೆಸಿ ಕೊಡಬೇಕು, ಮನೆಯಲ್ಲಿ ಪ್ರಯೋಗ ಬೇಡ. 250 ಮಿ.ಲೀ.ಯ ಆರು ಲೋಟಗಳನ್ನು ಸಾಲಾಗಿ ಇಟ್ಟುಕೊಂಡು, ಗಡಿಯಾರ ನೋಡುತ್ತ ಹತ್ತು ನಿಮಿಷಕ್ಕೊಂದರಂತೆ ಕುಡಿಯಿರಿ. ಆರನೆಯದನ್ನು ಸ್ಕ್ಯಾನ್ ಕೋಣೆಗೆ ಹೋಗುವ ಮುನ್ನ ಮುಗಿಸಿ. ಸ್ವಲ್ಪ ತಣ್ಣಗಿದ್ದರೆ ಅದರ ಸಿಹಿ ಅಷ್ಟಾಗಿ ಮುಖ ಕಟ್ಟುವುದಿಲ್ಲ, ಹಾಗಾಗಿ ನಾನು ತಣ್ಣಗೇ ಕೊಡಿಸುತ್ತೇನೆ.

ನಲವತ್ತು ನಿಮಿಷ ಸುಮ್ಮನೆ ಕುಳಿತು, ಹೆಸರು ಕೂಗಿದಾಗ ಗಟಗಟನೆ ಮುಗಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ದ್ರವವೆಲ್ಲ ಜಠರದಲ್ಲೇ ಉಳಿದು, ತುಂಬದ ಕರುಳಿನ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು, ಇಲ್ಲದ ಊತವೂ ಇದ್ದಂತೆ ಕಾಣುತ್ತದೆ, ಇರುವ ಕಿರಿದಾದ ಜಾಗವೂ ಕಣ್ಣು ತಪ್ಪುತ್ತದೆ. ಓಕರಿಕೆ ಬಂದರೆ ಎರಡು ಸುತ್ತು ನಡೆದು, ಐದು ನಿಮಿಷ ಬಿಟ್ಟು ಮುಂದುವರಿಸಿ. ಲೋಟವನ್ನು ಗುಟ್ಟಾಗಿ ಚೆಲ್ಲಬೇಡಿ, ಎಷ್ಟು ಕುಡಿದಿರೆಂದು ಸಿಬ್ಬಂದಿಗೆ ನಿಜವನ್ನೇ ಹೇಳಿ.

ಕೆಲವೆಡೆ ಸಾಮಾನ್ಯ ಹೊಟ್ಟೆಯ ಸಿ.ಟಿ.ಗೆ ಕೊಡುವ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಅಯೋಡಿನ್ ದ್ರಾವಣವನ್ನೇ ಕುಡಿಸಿಬಿಡುತ್ತಾರೆ. ಈ ಅಡ್ಡದಾರಿ ಬೇಡವೇ ಬೇಡ. ರಕ್ತನಾಳಕ್ಕೆ ಕೊಟ್ಟ, ಚಿತ್ರದಲ್ಲಿ ಎದ್ದು ಕಾಣುವ ಔಷಧವಾದ ಕಾಂಟ್ರಾಸ್ಟ್‌ನಿಂದ ಉರಿಯೂತದ ಗೋಡೆ ಹೊಳೆಯಬೇಕು, ಒಳಗಿನ ದ್ರವ ಕಪ್ಪಗಿರಬೇಕು. ಎರಡೂ ಬೆಳ್ಳಗಾದರೆ ಆ ಹೊಳಪು ಕಾಣಿಸುವುದೇ ಇಲ್ಲ.

ಮೇಜಿನ ಮೇಲೆ, ಹೇಳಿದಾಗ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದರೆ ಸಿ.ಟಿ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಎಂ.ಆರ್.ಐ.ಗೆ ಅರ್ಧ ಗಂಟೆಗೂ ಮೀರಿ ಬೇಕಾಗಬಹುದು, ಆದರೆ ಅದರಲ್ಲಿ ವಿಕಿರಣವಿಲ್ಲ. ಮತ್ತೆ ಮತ್ತೆ ಸ್ಕ್ಯಾನ್ ಬೇಕಾಗುವ ಎಳೆಯರಿಗೆ ನಾನು ಅದನ್ನೇ ಹೇಳುತ್ತೇನೆ.

ಮುಗಿದ ಮೇಲೆ ಒಂದೆರಡು ಸಲ ಭೇದಿಯಾಗುವುದು ಸಹಜ. ಚೆನ್ನಾಗಿ ನೀರು ಕುಡಿಯಿರಿ, ತಕ್ಷಣ ದೂರದ ಬಸ್ಸು ಹತ್ತಬೇಡಿ.