ಹಳೇ ಕ್ಯಾಸೆಟ್ ವಿಡಿಯೋ ಗೇಮ್ ಆನ್ ಆಗ್ತಿಲ್ವಾ? ಸ್ಕ್ರೂ ಆಮೇಲೆ ಬಿಚ್ಚಿ

ದಾವಣಗೆರೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡು ಬಂದವನು ನಾನು. ಅಟ್ಟದಿಂದ ಇಳಿಸಿದ ವಿಡಿಯೋ ಗೇಮ್‌ಗಳು ಈಗಲೂ ಮನೆಗೆ ಬರುತ್ತವೆ, ಅರ್ಧ ಬಿಚ್ಚಿದ ಸ್ಥಿತಿಯಲ್ಲೇ. ಕಾಯಿಲೆ ಮಾತ್ರ ಹೆಚ್ಚಾಗಿ ಹೊರಗೇ ಇರುತ್ತದೆ: ಅಡಾಪ್ಟರ್, ವೈರು, ಕ್ಯಾಸೆಟ್.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಓಡಿದ ಗೇಮ್‌ಗಳು ಬಹುಪಾಲು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಮೇಲಿಂದ ಹಾಕುವ 60 ಪಿನ್ನಿನ ಕ್ಯಾಸೆಟ್ಟು, 9 ವೋಲ್ಟ್ ಅಡಾಪ್ಟರು. ನಾನು ಹೇಳುವುದು ಇವುಗಳ ಬಗ್ಗೆ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಅಡಾಪ್ಟರಿನ ಪಿನ್ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್ ಆದರೆ ಲೋಡ್ ಇಲ್ಲದಾಗ, ಅಂದರೆ ಗೇಮಿಗೆ ಚುಚ್ಚದೆ ಇರುವಾಗ, 12, 13 ತೋರಿಸಬಹುದು. ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಸೊನ್ನೆ ಬಂದರೆ ಬೇರೆ ತನ್ನಿ. ಆದರೆ ಮನೆಯಲ್ಲಿ ಬಿದ್ದಿರುವ ಯಾವುದೋ 9 ವೋಲ್ಟಿನದನ್ನು ಸುಮ್ನೆ ಚುಚ್ಚಬೇಡಿ. ಈ ಗೇಮ್‌ಗಳಲ್ಲಿ ಎಷ್ಟೋ ಪಿನ್ನಿನ ನಡುವೆ ಮೈನಸ್ ಇರುವಂಥವು. ಇವತ್ತು ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಉಲ್ಟಾ ಕೊಟ್ಟರೆ ಚೆನ್ನಾಗಿದ್ದ ಬೋರ್ಡೂ ಹೋಗುತ್ತದೆ. ಗೇಮಿನ ಹಿಂದೆ ಅಚ್ಚಾಗಿರುವ ಪ್ಲಸ್ ಮೈನಸ್ ಗುರುತು ನೋಡಿಯೇ ಹಾಕಿ. ಅಡಾಪ್ಟರಿನ ಹೊಟ್ಟೆ ಮಾತ್ರ ಸೀಳಬೇಡಿ, ಅದರೊಳಗೆ 230 ವೋಲ್ಟ್ ಇದೆ.

ಕರೆಂಟು ಸರಿಯಿದ್ದರೆ ಟೀವಿ ನೋಡಿ. ಆಂಟೆನಾ ವೈರಿನಲ್ಲಿ ಚಾನೆಲ್ ಹುಡುಕುವ ಕಷ್ಟ ಯಾಕೆ? ಹಳದಿ ಎವಿ ವೈರು ಹಾಕಿ. ಖಾಲಿ ಬಣ್ಣದ ಪರದೆಯೋ ಕಲಸಿಹೋದ ಚೌಕಗಳೋ ಬಂದರೆ ಒಳ್ಳೆಯದೇ, ಮೇನ್ ಚಿಪ್ಪಿಗೆ ಜೀವ ಇದೆ. ಆಗ ಅನುಮಾನ ಕ್ಯಾಸೆಟ್ಟಿನ ಮೇಲೆ.

ಎಲ್ಲರೂ ಅದರೊಳಗೆ ಊದಿಯೇ ದೊಡ್ಡವರಾಗಿದ್ದೇವೆ. ಕೆಲಸ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಉಸಿರಿನ ತೇವ ಪಿನ್ನಿಗೆ ಕಿಲುಬು ಹಿಡಿಸುತ್ತದೆ, ಅಷ್ಟೇ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಪಿನ್ನುಗಳನ್ನು ಉದ್ದಕ್ಕೆ ಒರೆಸಿ. ಕಡ್ಡಿ ಕಪ್ಪಾಗುವುದು ನಿಂತ ಮೇಲೆ ಒಣಗಲು ಬಿಡಿ. ಕಿಲುಬು ಗಟ್ಟಿಯಾಗಿದ್ದರೆ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಬಹುದು. ಸ್ಯಾಂಡ್‌ಪೇಪರ್ ಬೇಡವೇ ಬೇಡ. ಈ ಕ್ಯಾಸೆಟ್ಟುಗಳ ಲೇಪನ ಮೊದಲೇ ತೆಳು. ಸ್ಲಾಟಿಗೆ ಹಳೇ ಎಟಿಎಂ ಕಾರ್ಡಿಗೆ ತೆಳು ಹತ್ತಿಬಟ್ಟೆ ಸುತ್ತಿ, ಅದೇ ಆಲ್ಕೋಹಾಲು ಹಚ್ಚಿ, ನಾಲ್ಕಾರು ಸಲ ಇಳಿಸಿ ಎಳೆಯಿರಿ. ಪಿನ್ನಿಗೆ ಬಟ್ಟೆ ಸಿಕ್ಕಿಕೊಂಡರೆ ಜಗ್ಗಬೇಡಿ.

ಪರದೆಯಲ್ಲಿ ಏನೂ ಇಲ್ಲ, ಲೈಟೂ ಉರಿಯುವುದಿಲ್ಲ ಅಂದರೆ ಈಗ ಬಿಚ್ಚಿ. ಅಲ್ಯೂಮಿನಿಯಂ ತಗಡಿಗೆ ಕಚ್ಚಿಸಿದ ಮೂರು ಕಾಲಿನ ಐಸಿ ಹುಡುಕಿ. 7805 ಅಂತ ಬರೆದಿರುತ್ತದೆ. ಅಡಾಪ್ಟರಿನ 9 ವೋಲ್ಟನ್ನು 5ಕ್ಕೆ ಇಳಿಸುವುದು ಇದರ ಕೆಲಸ. ಅಕ್ಷರ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡಗಾಲು ಇನ್‌ಪುಟ್, ನಡುವಿನದು ಗ್ರೌಂಡ್, ಬಲಗಾಲು ಔಟ್‌ಪುಟ್. ಮೀಟರಿನ ಕಪ್ಪು ವೈರು ನಡುವಿಗೆ. ಎಡಗಾಲಿಗೆ 9ರ ಆಸುಪಾಸು ಬಂದು ಬಲಗಾಲಿಗೆ 5 ಬರದಿದ್ದರೆ ಐಸಿ ಹೋಗಿರಬಹುದು, ಇಲ್ಲವೇ ಮುಂದೆಲ್ಲೋ ಶಾರ್ಟ್ ಆಗಿರಬಹುದು. ಕೈ ಸುಡುವಷ್ಟು ಬಿಸಿಯಾದರೆ ಶಾರ್ಟಿನ ಅನುಮಾನವೇ ಜಾಸ್ತಿ. ಎಡಗಾಲಿಗೇ ಏನೂ ಬರದಿದ್ದರೆ ಅಡಾಪ್ಟರ್ ಸಾಕೆಟ್ಟಿನ ಬೆಸುಗೆ, ಸ್ವಿಚ್ಚು ನೋಡಿ. ಅಲ್ಲಾಡಿಸಿ ಅಲ್ಲಾಡಿಸಿ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಮತ್ತೆ ಕಾಯಿಸಿ ಸ್ವಲ್ಪ ಸೀಸ ಬಿಟ್ಟರೆ ಸಾಕು. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟಿನದು ಹಾಕಿ. ಪ್ಲಸ್ ಮೈನಸ್ ಅದಲುಬದಲಾಗಬಾರದು.

ಜಾಯ್‌ಸ್ಟಿಕ್ಕಿನಲ್ಲಿ ಒಂದೇ ಗುಂಡಿ ಸತ್ತಿದ್ದರೆ ಅದರ ಕೆಳಗಿನ ಕಾರ್ಬನ್ ಮೆಲ್ಲಗೆ ಒರೆಸಿ. ಜೋರಾಗಿ ಉಜ್ಜಿದರೆ ಕಾರ್ಬನ್ನೇ ಎದ್ದುಬರುತ್ತದೆ. ಎಲ್ಲಾ ಗುಂಡಿಯೂ ಸತ್ತಿದ್ದರೆ ಹೆಚ್ಚಾಗಿ ವೈರು ತುಂಡಾಗಿರುತ್ತದೆ. ಸಾಮಾನ್ಯವಾಗಿ ಜಾಯ್‌ಸ್ಟಿಕ್ಕಿನ ಬುಡದಲ್ಲೇ.

ಬಾತುಕೋಳಿ ಹೊಡೆಯುವ ಗನ್ನು ಎಲ್‌ಇಡಿ ಟೀವಿಯಲ್ಲಿ ಕೆಲಸ ಮಾಡುವುದಿಲ್ಲ, ಬಿಚ್ಚಬೇಡಿ. ಅದು ಹಳೇ ಡಬ್ಬಾ ಟೀವಿಯ ಬೆಳಕಿನ ಲೆಕ್ಕಕ್ಕೆ ಮಾಡಿದ್ದು.

ಇಷ್ಟಾದರೂ, 5 ವೋಲ್ಟ್ ಸರಿಯಿದ್ದರೂ ಪರದೆ ಕತ್ತಲೆಯೇ ಆದರೆ, ಬೋರ್ಡಿನ ಮೇಲೆ ಡಾಂಬರಿನ ಹನಿಯಂತೆ ಕೂತಿರುತ್ತದಲ್ಲ, ಆ ಚಿಪ್ಪೇ ಹೋಗಿರುವ ಸಾಧ್ಯತೆ ಹೆಚ್ಚು. ಅದನ್ನು ಬಿಡಿಸಿ ಹಾಕಲು ಬರುವುದಿಲ್ಲ. ಸ್ಲಾಟು, ಸಾಕೆಟ್ಟು, ಜಾಯ್‌ಸ್ಟಿಕ್ ಕಿತ್ತಿಟ್ಟುಕೊಳ್ಳಿ. ಇನ್ನೊಂದು ಗೇಮಿಗೆ ಆಗುತ್ತವೆ.